ಪಹಣಿಲಿ ಯಾರ ಹೆಸರಿದೆ ನೋಡಿದ್ರಾ? – ಓದುಗರ ಜಮೀನು ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರ, ಮೇಲ್, ವಾಟ್ಸಾಪ್ ಮೆಸೇಜು ಎಲ್ಲ ಓದ್ತಾ ಹೋದ್ರೆ ಊರು ಬೇರೆ ಬೇರೆ, ಗೋಳು ಮಾತ್ರ ಒಂದೇ: ಜಮೀನಲ್ಲಿ ಬೆವರು ಸುರಿಸೋರು ಒಬ್ಬರು, ಕಾಗದದಲ್ಲಿ ಹೆಸರು ಇರೋದು ಇನ್ನೊಬ್ಬರದ್ದು. ಕೆಲವು ಪ್ರಶ್ನೆ ತುಂಬಾ ಉದ್ದ ಇದ್ವು, ಸ್ವಲ್ಪ ಕತ್ತರಿಸಿದೀವಿ. ಹಳ್ಳಿ ಹೆಸರು, ಸರ್ವೆ ನಂಬರ್ ಬೇಕಂತಲೇ ತೆಗೆದಿದೀವಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನ್ನ ಮದುವೆ ಆಗಿದ್ದು 1992ರಲ್ಲಿ. ಅಪ್ಪ 2003ರಲ್ಲಿ ತೀರಿಕೊಂಡ್ರು, ವಿಲ್ ಏನೂ ಬರೆದಿಲ್ಲ. ತಾತನ ಕಾಲದಿಂದ ಬಂದ 6 ಎಕರೆ ತೆಂಗಿನ ತೋಟ ಇದೆ. ಈಗ ಅಣ್ಣ ತಮ್ಮ ಇಬ್ಬರೂ ಬಂದು "ನಿಂಗೆ 94ಕ್ಕಿಂತ ಮುಂಚೇನೇ ಮದುವೆ ಆಗಿದೆ, ಕಾನೂನಲ್ಲಿ ಭಾಗ ಬರಲ್ಲ, ಆದ್ರೂ ಫಾರ್ಮಾಲಿಟಿಗೆ ಒಂದು ಸೈನ್ ಹಾಕ್ಬಿಡು" ಅಂತಿದಾರೆ. ಹಾಕ್ಲಿಲ್ಲ ಅಂದ್ರೆ ತವರು ತಪ್ಪಿ ಹೋಗುತ್ತೆ ಅಂತ ಭಯ.
– ತಿಪಟೂರು ಕಡೆಯ ಓದುಗರು

ಉತ್ತರ: ಭಾಗವೇ ಬರಲ್ಲ ಅಂದ್ಮೇಲೆ ಸೈನ್ ಯಾಕ್ರಪ್ಪಾ ಬೇಕು ಅಂತ ಮೊದ್ಲು ಅವರನ್ನೇ ಕೇಳಿ ತಾಯಿ.

ಅವರು ಹೇಳ್ತಿರೋ 94ರ ಮಾತು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ತುಂಬಾ ಜನ ಹೆಣ್ಮಕ್ಕಳು ಅಲ್ಲೇ ಏಮಾರೋದು. ಕರ್ನಾಟಕ ಸರ್ಕಾರ 1994ರ ಜುಲೈ 30ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತು, ಆದ್ರೆ ಅಷ್ಟೊತ್ತಿಗೆ ಮದುವೆ ಆಗಿದ್ದೋರನ್ನ ಹೊರಗಿಡ್ತು. ಆಮೇಲೆ 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು, ಅದರಲ್ಲಿ ಮದುವೆ ಯಾವಾಗ ಆಯ್ತು ಅನ್ನೋ ಷರತ್ತೇ ಇಲ್ಲ. ಇಷ್ಟಾದ್ರೂ 2015ರಲ್ಲಿ ನಮ್ಮ ರಾಜ್ಯದಿಂದಲೇ ಹೋಗಿದ್ದ ಪ್ರಕಾಶ್–ಫುಲಾವತಿ ಕೇಸಲ್ಲಿ ಸುಪ್ರೀಂ ಕೋರ್ಟು, 2005ರ ಆ ದಿನ ಅಪ್ಪನೂ ಬದುಕಿರಬೇಕು ಅಂದ್ಬಿಡ್ತು, ನಿಮ್ಮಂಥೋರು ಮತ್ತೆ ಬೀದೀಲಿ ನಿಂತ್ರಿ. ಅದನ್ನ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಲ್ಲಿ ಮೂರು ಜಡ್ಜುಗಳ ಪೀಠ ತೆಗೆದುಹಾಕಿದೆ. ಮಗಳಿಗೆ ಹಕ್ಕು ಹುಟ್ಟಿನಿಂದ ಬರೋದು, ಅಪ್ಪ ಆ ತಾರೀಖಲ್ಲಿ ಬದುಕಿದ್ರಾ ಇಲ್ವಾ ಅನ್ನೋದು ಲೆಕ್ಕಕ್ಕೇ ಇಲ್ಲ. ಹಾಗಾಗಿ 1992ರ ಮದುವೆ, 2003ರ ಸಾವು ಎರಡೂ ನಿಮ್ಮ ಪಾಲಿಗೆ ಅಡ್ಡ ಬರಲ್ಲ.

ಮುಖ್ಯವಾಗಿ ಅಡ್ಡ ಬರೋದು ಇದು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪತ್ರ ಅಥವಾ ಕೋರ್ಟಿನ ಡಿಕ್ರಿ ಮೂಲಕ ಆ ತೋಟ ಪಾಲಾಗಿ ಹೋಗಿದ್ರೆ ಅದನ್ನ ಈಗ ಕೆದಕೋಕೆ ಆಗಲ್ಲ. "ಅವತ್ತೇ ಜಗಲಿ ಮೇಲೆ ಕೂತು ಬಾಯಿಮಾತಲ್ಲಿ ಪಾಲು ಮಾಡ್ಕೊಂಡ್ವಿ" ಅನ್ನೋ ಕಥೆಯನ್ನ ಕೋರ್ಟು ಸುಲಭಕ್ಕೆ ಒಪ್ಪಲ್ಲ.

ಈಗ ಕೆಲಸಕ್ಕೆ ಬನ್ನಿ. ನಾಡಕಚೇರಿಲೋ ಆನ್‌ಲೈನಲ್ಲೋ ಆ ತೋಟದ ಪಹಣಿ (ಜಮೀನು ಯಾರದ್ದು, ಯಾರು ಉಳ್ತಿದಾರೆ ಅಂತ ಹೇಳೋ ಕಂದಾಯ ದಾಖಲೆ) ತೆಗೀರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಹೆಂಗೆ ಬಂತು ಅಂತ ಬರೆದಿದೆ, ಯಾವ ಎಂಆರ್ (ಖಾತೆ ಬದಲಾವಣೆ ದಾಖಲೆ) ನಂಬರ್ ಇದೆ, ಬರ್ಕೊಳ್ಳಿ. ಆ ಎಂಆರ್ ಕಾಪಿ, ಅದರ ಜೊತೆ ಕೊಟ್ಟಿರೋ ವಂಶವೃಕ್ಷ ಎರಡನ್ನೂ ತೆಗೆಸಿ. ಆಟ ನಡೆಯೋದೇ ಈ ವಂಶವೃಕ್ಷದಲ್ಲಿ. ಅಪ್ಪನ ಹೆಸರು ಮೇಲೆ, ಕೆಳಗೆ ಎರಡು ಗೆರೆ, ಎರಡು ಗಂಡುಮಕ್ಕಳು, ಮುಗೀತು. ಮೂರನೇ ಗೆರೆ ಎಳೆದೇ ಇರಲ್ಲ. ಹಂಗೇನಾದ್ರೂ ಇದ್ರೆ ತಹಶೀಲ್ದಾರರಿಗೆ ತಕರಾರು ಅರ್ಜಿ ಹಾಕಿ, ಖಾತೆ ಆಗಲೇ ಆಗಿಹೋಗಿದ್ರೆ ಎಸಿ (ಉಪವಿಭಾಗಾಧಿಕಾರಿ) ಹತ್ರ ಅಪೀಲು. ಆದ್ರೆ ಒಂದು ತಿಳ್ಕೊಳ್ಳಿ, ಖಾತೆ ಅವರ ಹೆಸರಲ್ಲಿದೆ ಅಂದ ಮಾತ್ರಕ್ಕೆ ಆಸ್ತಿ ಅವರದ್ದೇ ಅಂತ ಅಲ್ಲ, ಬೇರೆ ಸಾಬೀತಾಗೋ ತನಕ ಪಹಣಿ ಸರಿ ಅಂತ ಊಹಿಸ್ತಾರೆ ಅಷ್ಟೇ. ಪಾಲನ್ನ ಕೊನೆಗೆ ತೀರ್ಮಾನ ಮಾಡೋದು ಸಿವಿಲ್ ಕೋರ್ಟು. ಪಾಲು ಕೊಡಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ ಮೇಲೆ ಸುಮ್ಮನೆ ವರ್ಷ ತಳ್ಳಬೇಡಿ, ದಾವೆಗೆ ಅವಧಿ ಇದೆ.

ಆ ಫಾರ್ಮಾಲಿಟಿ ಸೈನ್ ಇದ್ಯಲ್ಲ, ಅದು ಹಕ್ಕು ಬಿಡುಗಡೆ ಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು, ಫೋಟೋ ಆಯ್ತು ಅಂದ್ರೆ ವಾಪಸ್ ತಗೊಳೋದು ಬಹಳ ಕಷ್ಟ. ತಮ್ಮನ ಮೇಲೆ ಪ್ರೀತಿ ಇದೆ, ಗೊತ್ತಿದ್ದೇ ಬಿಟ್ಕೊಡ್ತೀನಿ ಅಂದ್ರೆ ಅದು ನಿಮ್ಮ ದೊಡ್ಡತನ, ಯಾರೂ ಬೇಡ ಅನ್ನಲ್ಲ. ಆದ್ರೆ 2 ಎಕರೆ ತೋಟ ಬಿಟ್ಕೊಟ್ಟು ವರ್ಷಕ್ಕೊಂದು ಸೀರೆ ಇಸ್ಕೊಳೋ ತವರು ಎಷ್ಟು ಗಟ್ಟಿ ಅಂತ ನೀವೇ ಯೋಚನೆ ಮಾಡಿ. ಅಮ್ಮ ಇದ್ರೆ ಅವರಿಗೂ ಪಾಲಿದೆ, ಆಗ ನಿಮ್ಮ ಲೆಕ್ಕ 2 ಎಕರೆಗಿಂತ ಕಮ್ಮಿ ಆಗುತ್ತೆ, ಅದನ್ನೂ ಮರೀಬೇಡಿ.

ಪ್ರಶ್ನೆ: ನಮ್ಮ ಪಹಣಿ ಇನ್ನೂ ಮುತ್ತಾತನ ಹೆಸರಲ್ಲೇ ಇದೆ. ಪಿಎಂ ಕಿಸಾನ್ ಬರ್ತಿಲ್ಲ, ಸೊಸೈಟೀಲಿ ಸಾಲ ಇಲ್ಲ. ಎಲ್ಲಾ ಕಂಪ್ಯೂಟರ್ ಆಗಿದೆ ಅಂತಾರೆ, ಆದ್ರೂ ಯಾಕೆ ಹಿಂಗೆ?
– ಮದ್ದೂರಿನ ಓದುಗರು

ಉತ್ತರ: ಕಂಪ್ಯೂಟರ್ ಆಗಿದ್ದು ನಿಜ. 2002ರ ಹೊತ್ತಿಗೆ ಭೂಮಿ ಯೋಜನೇಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿದ್ವು, ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ನಿಂತೋಯ್ತು, ದೇಶವೆಲ್ಲ ನಮ್ಮನ್ನ ನೋಡಿ ಹೊಗಳ್ತು. ಆದ್ರೆ ಒಳಗೆ ಹೋಗಿದ್ದು ಪುಸ್ತಕದಲ್ಲಿ ಏನಿತ್ತೋ ಅದೇ. ಸತ್ತೋರ ಹೆಸರು ಸತ್ತೋರ ಹೆಸರಾಗೇ ಉಳೀತು, ಪ್ರಿಂಟು ಮಾತ್ರ ಚೆನ್ನಾಗಿ ಬರೋ ಹಾಗಾಯ್ತು.

ನೀವು ಮಾಡಿಸ್ಬೇಕಾದ್ದು ಪೌತಿ ಖಾತೆ, ಅಂದ್ರೆ ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಮುತ್ತಾತನಿಂದ ನಿಮ್ಮ ತನಕ ವಂಶವೃಕ್ಷ, ಮರಣ ಪ್ರಮಾಣ ಪತ್ರಗಳು, ಎಲ್ಲರ ಆಧಾರ್ ಹಿಡ್ಕೊಂಡು ನಾಡಕಚೇರೀಲಿ ಅರ್ಜಿ ಹಾಕಿ. ಹಳೇ ಸಾವು ರಿಜಿಸ್ಟರೇ ಆಗಿಲ್ಲ ಅಂದ್ರೆ ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತೆ, ಜನ ಸುಸ್ತಾಗಿ ಬಿಟ್ಬಿಡೋದು ಇಲ್ಲೇ, ನೀವು ಬಿಡಬೇಡಿ. ದಾಯಾದಿಗಳು ಒಪ್ಪಲ್ಲ ಅಂತ ಕಾಯ್ತಾ ಕೂರೋದೂ ಬೇಡ, ಮೊದ್ಲು ಎಲ್ಲ ವಾರಸುದಾರರ ಹೆಸರಲ್ಲಿ ಜಂಟಿ ಖಾತೆ ಆಗ್ಲಿ, ಪಾಲು, ಪೋಡಿ (ಪಾಲಿನಂತೆ ಸರ್ವೆ ನಂಬರ್ ಬೇರೆ ಮಾಡೋದು), 11ಇ ನಕ್ಷೆ (ಅದಕ್ಕೆ ಬೇಕಾದ ಅಳತೆ ನಕ್ಷೆ) ಎಲ್ಲ ಆಮೇಲೆ. ಹೆಣ್ಮಕ್ಕಳ ಹೆಸರು ಬಿಡಬೇಡಿ, ಮೇಲಿನ ಉತ್ತರ ಓದಿದ್ರಲ್ಲ.

ಪ್ರಶ್ನೆ: ನಮ್ಮ ತಾತನಿಗೆ 1961ರಲ್ಲಿ ಸರ್ಕಾರ 3 ಎಕರೆ ಮಂಜೂರು ಮಾಡಿತ್ತು. ನಾವು ಪರಿಶಿಷ್ಟ ಜಾತಿ. ನಮ್ಮಪ್ಪ 1985ರಲ್ಲಿ ಸಾಲಕ್ಕೆ ಸಿಕ್ಕಿ ಯಾರಿಗೋ ಕ್ರಯ ಮಾಡ್ಕೊಟ್ರು. ಈಗ ಅಲ್ಲಿ ಲೇಔಟ್ ಎದ್ದಿದೆ. ಒಬ್ಬರು ಬಂದು "ಪಿಟಿಸಿಎಲ್ ಕೇಸ್ ಹಾಕಿ ಬಿಡಿಸ್ಕೊಡ್ತೀನಿ, ಜಿಪಿಎಗೆ ಸೈನ್ ಮಾಡು" ಅಂತಿದಾರೆ.
– ದೇವನಹಳ್ಳಿ ಕಡೆಯ ಓದುಗರು

ಉತ್ತರ: ಜಿಪಿಎಗೆ, ಅಂದ್ರೆ ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರಕ್ಕೆ, ಮಾತ್ರ ಸೈನ್ ಮಾಡ್ಬೇಡಿ ತಮ್ಮಾ. ಬೆಂಗಳೂರಿನ ಸುತ್ತಮುತ್ತ ಇದೇ ಒಂದು ದಂಧೆ. ನಿಮ್ಮ ಹೆಸರಲ್ಲಿ ಕೇಸ್ ಹಾಕ್ಸೋದು, ನಿಮಗೆ ಗೊತ್ತಿಲ್ಲದ ಹಾಗೆ ಎದುರು ಪಾರ್ಟಿ ಜೊತೆ ಸೆಟ್ಲ್‌ಮೆಂಟ್ ಮಾಡ್ಕೊಂಡು ಹೊರಟೋಗೋದು.

ಕಾನೂನು ಹೀಗಿದೆ. ಪರಿಶಿಷ್ಟ ಜಾತಿ, ಪಂಗಡದೋರಿಗೆ ಸರ್ಕಾರ ಕೊಟ್ಟ ಭೂಮಿ ಕೈತಪ್ಪಿ ಹೋಗ್ಬಾರ್ದು ಅಂತ ದೇವರಾಜ ಅರಸು ಅವರ ಸರ್ಕಾರದ ಕಾಲದ 1978ರ ಪಿಟಿಸಿಎಲ್ ಕಾಯ್ದೆ ಇದು, 1979ರ ಜನವರಿ 1ರಿಂದ ಜಾರಿ. ಅದು ಬಂದ ಮೇಲೆ ಅಂಥ ಜಮೀನು ಮಾರಬೇಕಂದ್ರೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು, ಮಂಜೂರಾತಿ ಷರತ್ತಿನ ವರ್ಷಗಳು ಮುಗಿದಿದ್ರೂ ಬೇಕು. ಅನುಮತಿ ಇಲ್ಲದ ಕ್ರಯ ಅನೂರ್ಜಿತ, ಅಂದ್ರೆ ಆಗಿಲ್ಲ ಅಂತಲೇ ಲೆಕ್ಕ. ಸುಪ್ರೀಂ ಕೋರ್ಟು 1984ರಲ್ಲೇ ಈ ಕಾಯ್ದೆ ಸರಿಯಿದೆ ಅಂತ ಎತ್ತಿ ಹಿಡಿದಿದೆ. ಕಾಯ್ದೆ ಓದಿದ್ರೆ ನಿಮ್ಮಪ್ಪನ 1985ರ ಕ್ರಯ ನಿಲ್ಲಲ್ಲ.

ಆದ್ರೆ ತೊಡಕಿರೋದು ವರ್ಷಗಳಲ್ಲಿ. ಅರ್ಜಿ ಹಾಕೋಕೆ ಕಾಯ್ದೇಲಿ ಇಂತಿಷ್ಟು ಅವಧಿ ಅಂತ ಬರೆದಿರಲಿಲ್ಲ, 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಲ್ಲಿ ಸುಪ್ರೀಂ ಕೋರ್ಟು ನ್ಯಾಯವಾದ ಸಮಯದೊಳಗೆ ಬರಬೇಕು ಅಂತು, ಅದನ್ನ ಹಿಡ್ಕೊಂಡು ಸಾಲುಸಾಲಾಗಿ ದಲಿತರ ಅರ್ಜಿಗಳು ವಜಾ ಆದ್ವು. ಜನ ಬೀದಿಗಿಳಿದು ಹೋರಾಟ ಮಾಡಿದ್ಮೇಲೆ 2023ರಲ್ಲಿ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸಲ್ಲ ಅಂತ ಸೇರಿಸ್ತು. ಅದಾದ ಮೇಲೂ ಕೋರ್ಟಲ್ಲಿ ವಿಳಂಬದ ವಾದ ಮುಗಿದಿಲ್ಲ, ಎದುರಿನೋರ ವಕೀಲರು ಮೊದಲು ಎತ್ತೋದೇ ಅದನ್ನ. ನಲವತ್ತು ವರ್ಷ ಯಾಕೆ ಸುಮ್ಮನಿದ್ರಿ ಅನ್ನೋದಕ್ಕೆ ನಿಮ್ಮ ಹತ್ರ ಉತ್ತರ ಇರಬೇಕು. ನನ್ನ ಕೇಳಿದ್ರೆ, ಓದು ಬರಹ ಬಾರದ ಕೂಲಿಯೋನಿಗೆ ಕಾಯ್ದೆ ಇರೋದೇ ಗೊತ್ತಿಲ್ಲದಾಗ ವಿಳಂಬ ಅನ್ನೋದು ಅನ್ಯಾಯ, ಆದ್ರೆ ಇಲ್ಲಿ ನನ್ನ ಅಭಿಪ್ರಾಯ ಕಟ್ಕೊಂಡು ನಿಮಗೇನೂ ಆಗಬೇಕಾಗಿಲ್ಲ. ಮೂಲ ಸಾಗುವಳಿ ಚೀಟಿ, ಮಂಜೂರಾತಿ ಕಡತದ ನಕಲು, 1961ರಿಂದ ಈಚಿನ ಪಹಣಿ, ಜಾತಿ ಪ್ರಮಾಣ ಪತ್ರ ಕೂಡಿಸ್ಕೊಂಡು ನೀವೇ ಎಸಿ ಕೋರ್ಟಿಗೆ ಅರ್ಜಿ ಕೊಡಿ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಪರಿಶಿಷ್ಟರಿಗೆ ಆದಾಯ ನೋಡದೇ ಉಚಿತ ನೆರವು ಕೊಡ್ತಾರೆ.

ಪ್ರಶ್ನೆ: ಸರ, ನಾ 8 ಎಕರೆ ಹೊಲ ಲಾವಣಿಗೆ (ಗೇಣಿಗೆ) ಹಾಕ್ಕೊಂಡು ಮಾಡ್ತೀನ್ರಿ. ಈ ಸಲ ಮಳಿ ಹೆಚ್ಚಾಗಿ ಉಳ್ಳಾಗಡ್ಡಿ ಎಲ್ಲಾ ಕೊಳತು ಹೋತು. ಪರಿಹಾರದ ರೊಕ್ಕ ಮಾತ್ರ ಹುಬ್ಬಳ್ಳ್ಯಾಗ ಇರೋ ಮಾಲಕರ ಖಾತೆಗೆ ಬಿತ್ತು. ಲಾವಣಿ ಕಾಗದ ಬರದು ಕೊಡ್ರಿ ಅಂದ್ರ ಒಲ್ಲೆ ಅಂತಾರ. ನಮ್ಮಂಥಾವರಿಗೆ ಏನೂ ಇಲ್ಲೇನ್ರಿ?
– ಗದಗ ಜಿಲ್ಲೆಯ ಓದುಗರು

ಉತ್ತರ: ಮಾಲಕರು ಯಾಕೆ ಒಲ್ಲೆ ಅಂತಾರೆ ಅನ್ನೋದಕ್ಕೆ ಐವತ್ತು ವರ್ಷದ ಹಿಂದಿನ ಕಾರಣ ಇದೆ ಅಣ್ಣಾ. 1951ರಲ್ಲಿ ಸಾಗರದ ಕಾಗೋಡಲ್ಲಿ ಗೇಣಿದಾರರು ಸಿಡಿದೆದ್ದಾಗಿಂದ ಉಳುವವನಿಗೇ ಭೂಮಿ ಅನ್ನೋ ಕೂಗು ಇತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ಕಾಯ್ದೆ ತಿದ್ದುಪಡೀಲಿ ಗೇಣಿ ಜಮೀನೆಲ್ಲ ಸರ್ಕಾರದ ವಶ ಆಯ್ತು, ಗೇಣಿದಾರ ಫಾರಂ 7 ಹಾಕಿ ಭೂ ನ್ಯಾಯಮಂಡಳಿ ಎದುರು ನಿಂತು ಹಕ್ಕು ತಗೋಬಹುದಿತ್ತು. ಫಾರಂ ಹಾಕೋಕೆ 1979ರ ಜೂನ್ 30 ಕೊನೇ ದಿನ ಆಗಿತ್ತು. ಕರಾವಳಿ, ಮಲೆನಾಡಲ್ಲಿ ಎಷ್ಟೋ ಮನೆಗಳ ಹಣೆಬರಹವೇ ಬದಲಾಯ್ತು. ಅದೇ ಕಾಯ್ದೆಯ 5ನೇ ಕಲಂ, ಇನ್ಮೇಲೆ ಜಮೀನು ಗೇಣಿಗೆ ಕೊಡೋದೇ ಬೇಡ ಅಂತು, ಸೈನಿಕರು ಮತ್ತು ಹಡಗಿನ ನೌಕರರಿಗೆ ಮಾತ್ರ ವಿನಾಯಿತಿ.

ಗೇಣಿ ನಿಂತೇನೂ ಹೋಗ್ಲಿಲ್ಲ. ಲಾವಣಿ, ಪಾಲು, ಕೋರು, ಗುತ್ತಿಗೆ ಅಂತ ಊರಿಗೊಂದು ಹೆಸರಲ್ಲಿ ನಡೀತಾನೇ ಇದೆ, ಕಾಗದದಿಂದ ಮಾತ್ರ ಮಾಯ. ಪಹಣಿಯ 12ನೇ ಕಾಲಂನಲ್ಲಿ ನಿಮ್ಮ ಹೆಸರು ಬಂದ್ರೆ ಜಮೀನೇ ಹೋಗುತ್ತೆ ಅಂತ ಮಾಲಕರಿಗೆ ಹೆದರಿಕೆ. ಹಾಗಾಗಿ ಒಂದು ಕಾಲಕ್ಕೆ ಉಳುವವನಿಗೆ ಭೂಮಿ ಕೊಡಿಸಿದ ಕಾನೂನೇ ಇವತ್ತು ಉಳುವವನ ಹೆಸರು ಎಲ್ಲೂ ಬಾರದ ಹಾಗೆ ಮಾಡಿದೆ. ಬರೀ ಗೇಣಿ ಬ್ಯಾನ್ ತೆಗೆದುಬಿಡಿ ಅನ್ನೋರ ಜೊತೆ ನಾನಿಲ್ಲ, ಹಂಗೆ ತೆಗೆದ್ರೆ ಕಂಪನಿಗಳು ಮೊದಲು ಬರ್ತವೆ. ಆಂಧ್ರದೋರು 2019ರಲ್ಲಿ ಬೇರೆ ದಾರಿ ಹಿಡಿದ್ರು: ಮಾಲಕ, ಸಾಗುವಳಿದಾರ ಇಬ್ಬರೂ 11 ತಿಂಗಳ ಒಪ್ಪಂದಕ್ಕೆ ಸೈನ್ ಮಾಡಿದ್ರೆ ಸಾಗುವಳಿದಾರನಿಗೆ ಒಂದು ಕಾರ್ಡು, ಅದರಿಂದ ಬೆಳೆ ಸಾಲ, ವಿಮೆ, ಪರಿಹಾರ, ಆದ್ರೆ ಭೂಮಿ ಮೇಲೆ ಯಾವ ಹಕ್ಕೂ ಹುಟ್ಟಲ್ಲ. ಅಲ್ಲೂ ಮಾಲಕ ಸೈನ್ ಹಾಕಲ್ಲ ಅಂದ್ರೆ ಕಾರ್ಡ್ ಇಲ್ಲ ಅನ್ನೋದು ದೊಡ್ಡ ಕೊರತೆ. ಆದ್ರೂ ನಮ್ಮಲ್ಲಿ ಅಷ್ಟೂ ಇಲ್ಲ. ನಿಮಗೆ ಸದ್ಯಕ್ಕೆ ಹೇಳೋದು ಇಷ್ಟೇ, ಮುಂದಿನ ಸಲ ಬಿತ್ತೋ ಮುಂಚೆನೇ, ಪರಿಹಾರ, ವಿಮೆ ರೊಕ್ಕ ಬಂದ್ರೆ ಯಾರಿಗೆ ಎಷ್ಟು ಅಂತ ನಾಲ್ಕು ಜನ ಹಿರಿಯರ ಎದುರಿಗೆ ಮಾತಾಡಿ ಲಾವಣಿ ದುಡ್ಡು ಕೊಡ್ರಿ. ಬೆಳೆ ಕೊಳೆತ ಮೇಲೆ ಆ ಮಾತು ಯಾರೂ ಕೇಳಲ್ಲ.

ಪ್ರಶ್ನೆ: ನಾನು ಕಾಂಪಿಟಿಟಿವ್ ಎಕ್ಸಾಮಿಗೆ ಓದ್ತಾ ಇದೀನಿ. ಭೂದಾಖಲೆ ವಿಷಯದಲ್ಲಿ ರುವಾಂಡಾ, ಇಥಿಯೋಪಿಯಾ ನಮಗಿಂತ ಮುಂದೆ ಅಂತ ಓದಿದೆ. ಹೌದಾ ಸರ್?
– ಧಾರವಾಡದ ವಿದ್ಯಾರ್ಥಿನಿ

ಉತ್ತರ: ಒಂದು ವಿಷಯದಲ್ಲಿ ಹೌದು, ಹೆಂಡತಿ ಹೆಸರು ಬರೆಯೋದ್ರಲ್ಲಿ.

ಇಥಿಯೋಪಿಯಾದಲ್ಲಿ ಭೂಮಿ ಸರ್ಕಾರದ್ದು, ರೈತರಿಗೆ ಬಳಸೋ ಹಕ್ಕು ಮಾತ್ರ. 1998ರಲ್ಲಿ ಟಿಗ್ರೇ ಪ್ರಾಂತ್ಯ ಆ ಹಕ್ಕಿಗೆ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡ್ತು, ಮನೆ ಯಜಮಾನನ ಹೆಸರಲ್ಲಿ. ಮದುವೆಯಾದ ಮನೇಲಿ ಯಜಮಾನ ಅಂದ್ರೆ ಯಾರು ಅಂತ ಹೇಳ್ಬೇಕಾಗಿಲ್ಲ. ಆಮೇಲೆ ಶುರು ಮಾಡಿದ ಅಮ್ಹಾರಾ ಪ್ರಾಂತ್ಯದೋರು ಗಂಡ ಹೆಂಡತಿ ಇಬ್ಬರ ಹೆಸರು, ಇಬ್ಬರ ಫೋಟೋನೂ ಹಾಕಿದ್ರು. ಹಗ್ಗ ಹಿಡಿದು ಅಕ್ಕಪಕ್ಕದೋರ ಎದುರಿಗೇ ಅಳತೆ ಮಾಡಿದ್ರಿಂದ ತುಂಡಿಗೆ ಸುಮಾರು 1 ಡಾಲರ್ ಖರ್ಚಲ್ಲಿ ಮುಗೀತು. ರುವಾಂಡಾ 1999ರಲ್ಲೇ ಹೆಣ್ಮಕ್ಕಳಿಗೆ ಸಮಾನ ವಾರಸು ಹಕ್ಕು ಕೊಟ್ಟು, 2009ರಿಂದ 2013ರ ಒಳಗೆ ಇಡೀ ದೇಶದ 1 ಕೋಟಿಗೂ ಹೆಚ್ಚು ತುಂಡು ಜಮೀನನ್ನ ದಾಖಲೆಗೆ ತಂತು. ಆಕಾಶದಿಂದ ತೆಗೆದ ಫೋಟೋ ಕೈಯಲ್ಲಿ ಹಿಡಿದು, ಊರಿನ ಹುಡುಗ ಹುಡುಗಿಯರಿಗೇ ಟ್ರೈನಿಂಗ್ ಕೊಟ್ಟು, ಬದುವಿನ ಮೇಲೆ ನಿಂತು ಗೆರೆ ಎಳೆಸಿದ್ರು. ಅಲ್ಲಿ ಸಿಕ್ಕಿಹಾಕ್ಕೊಂಡಿದ್ದು ಕಾನೂನು ಪ್ರಕಾರ ಮದುವೆ ರಿಜಿಸ್ಟರ್ ಮಾಡಿಸದೇ ಸಂಸಾರ ಮಾಡ್ತಿದ್ದ ಹೆಂಗಸರು. ಇನ್ನೊಂದು, ಮೊದಲ ಸಲ ಬರೆಸೋದು ಸುಲಭ ಇತ್ತು, ಆಮೇಲೆ ಮಾರಾಟ, ವಾರಸು ಬದಲಾವಣೆ ಬರೆಸೋಕೆ ಫೀಸು ಜಾಸ್ತಿ ಅಂತ ಜನ ಬರೆಸದೇ ಬಿಟ್ರು. ನಮ್ಮ ಪೌತಿ ಖಾತೆ ರೋಗವೇ ಅಲ್ಲೂ.

ಎಕ್ಸಾಮಿಗೆ ಬರ್ಕೊಳ್ಳಿ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮುಂದೆ ನಿಂತು ತಯಾರಾದ ಭೂಹಿಡುವಳಿ ಮಾರ್ಗಸೂಚಿಗೆ 2012ರ ಮೇ ತಿಂಗಳಲ್ಲಿ ರೋಮಲ್ಲಿ ಒಪ್ಪಿಗೆ ಸಿಕ್ತು. ಯಾವ ದೇಶಕ್ಕೂ ಕಡ್ಡಾಯ ಅಲ್ಲ. ಕಾಗದ ಇಲ್ಲದೇ ರೂಢಿಯಿಂದ ಅನುಭವಿಸ್ಕೊಂಡು ಬಂದ ಹಕ್ಕನ್ನೂ ಹಕ್ಕು ಅಂತ ನೋಡಿ ಅನ್ನೋದು ಅದರ ಮುಖ್ಯ ಮಾತು.

ಪ್ರಶ್ನೆ: ಅರಣ್ಯ ಅತಿಕ್ರಮಣ ಜಮೀನಿಗೆ ನಮ್ಮಪ್ಪ ಹಾಕಿದ್ದ ಅರ್ಜಿ ವಜಾ ಆಗಿದೆ. ನಾವು ಬುಡಕಟ್ಟಿನವರಲ್ಲ. 75 ವರ್ಷದ ದಾಖಲೆ ತನ್ನಿ ಅಂತಾರೆ, ಕಾಡಂಚಲ್ಲಿದ್ದವರ ಹತ್ರ 1930ರ ಕಾಗದ ಎಲ್ಲಿಂದ ಬರ್ಬೇಕು?
– ಶಿರಸಿಯ ಓದುಗರು

ಉತ್ತರ: 2006ರ ಅರಣ್ಯ ಹಕ್ಕು ಕಾಯ್ದೇಲಿ ಬುಡಕಟ್ಟಿನೋರಲ್ಲದ ಅರಣ್ಯವಾಸಿಗಳಿಗೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷ ಅಂತ ಷರತ್ತಿರೋದು ಹೌದು. ಆದ್ರೆ ಆ 75 ವರ್ಷ ಇರೋದು ಕಾಡಲ್ಲಿ ವಾಸ ಇದ್ರು, ಕಾಡನ್ನ ನಂಬ್ಕೊಂಡು ಬದುಕಿದ್ರು ಅನ್ನೋದಕ್ಕೆ. ಇದೇ ತುಂಡು ಜಮೀನನ್ನ 75 ವರ್ಷದಿಂದ ಉಳ್ತಿದೀವಿ ಅಂತ ತೋರಿಸ್ಬೇಕಾಗಿಲ್ಲ, ಜಮೀನು 2005ರ ಆ ತಾರೀಖಿಗೆ ಸ್ವಾಧೀನದಲ್ಲಿದ್ರೆ ಸಾಕು. ಎರಡನ್ನೂ ಕಲಸಿಬಿಟ್ಟು ವಜಾ ಮಾಡಿರೋದು ಬಹಳ ಕಡೆ ಇದೆ. ನಿಯಮ 13 ನೋಡಿ, ಊರಿನ ಹಿರಿಯರ ಲಿಖಿತ ಹೇಳಿಕೆ, ಹಳೇ ಮನೆ ಪಾಯ, ಬಾವಿ, ಸ್ಮಶಾನ, ದೇವರ ಬನ ಇವೂ ಸಾಕ್ಷಿಯೇ. ಇಂಥದೇ ಕಾಗದ ಬೇಕು ಅಂತ ಸಮಿತಿ ಹಠ ಮಾಡೋ ಹಾಗಿಲ್ಲ, 2012ರ ತಿದ್ದುಪಡಿ ನಿಯಮದಲ್ಲಿ ಸ್ಪಷ್ಟ ಇದೆ.

ವಜಾ ಮಾಡಿದ ಕಾರಣ ಲಿಖಿತವಾಗಿ ಕೊಟ್ಟಿದಾರಾ? ಇಲ್ಲಾಂದ್ರೆ ಮೊದಲು ಅದನ್ನ ಕೇಳಿ. ಕೈಗೆ ಬಂದ 60 ದಿನದೊಳಗೆ ಮೇಲಿನ ಸಮಿತಿಗೆ ಅಪೀಲು. ಗ್ರಾಮಸಭೆ ಬಲವಾಗಿದ್ರೆ ಏನಾಗುತ್ತೆ ಅನ್ನೋದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಾರೆ. ಹುಲಿ ಸಂರಕ್ಷಿತ ಪ್ರದೇಶದ ಒಳಗೇ 2011ರಲ್ಲಿ ಸಮುದಾಯ ಹಕ್ಕು ಗಿಟ್ಟಿಸಿದ್ರು. ಹಕ್ಕುಪತ್ರ ಆದಾಗ ಗಂಡ ಹೆಂಡತಿ ಇಬ್ಬರ ಹೆಸರೂ ಬರಬೇಕು ಅಂತ ಈ ಕಾಯ್ದೇಲೇ ಇದೆ, ನಿಮ್ಮಮ್ಮನ ಹೆಸರು ಸೇರಿಸೋದು ನೆನಪಿರಲಿ.

ಪ್ರಶ್ನೆ: ನಮ್ದು ಯಾದಗಿರಿ ಜಿಲ್ಲಾದಾಗ ಒಂದು ತಾಂಡಾ ಅದ ರೀ. ಅಜ್ಜನ ಕಾಲದಿಂದ ಇಲ್ಲೇ ಇದ್ದೀವಿ, ಮನಿ ಕಟ್ಟಿದ ಜಾಗ ಬ್ಯಾರೆ ಪಟ್ಟಾದಾರನ ಹೆಸರಿಲೆ ಅದ. ಹಕ್ಕುಪತ್ರದ ಸರ್ವೆ ಆದಾಗ ನಾವು ಪುಣಾಕ ದುಡಿಲಾಕ ಹೋಗಿದ್ವಿ, ಲಿಸ್ಟದಾಗ ನಮ್ಮ ಹೆಸರಿಲ್ಲ.
– ಯಾದಗಿರಿಯ ಓದುಗರು

ಉತ್ತರ: ಗುಳೆ ಹೋದೋರ ಮನೆ ಬಾಗಿಲಿಗೆ ಬೀಗ ಇದ್ರೆ ಸರ್ವೆಯೋರು ಮುಂದಿನ ಮನೆಗೆ ಹೋಗ್ಬಿಡ್ತಾರೆ, ಅದೇ ಆಗಿದೆ ಅನ್ಸುತ್ತೆ. ತಾಂಡಾ, ಹಟ್ಟಿ, ಹಾಡಿಗಳನ್ನ ಕಂದಾಯ ಗ್ರಾಮ ಮಾಡಿ ಮನೆ ಜಾಗದ ಹಕ್ಕು ಕೊಡೋ ಕೆಲಸ ಪಕ್ಷ ಬದಲಾದ್ರೂ ನಿಂತಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ನಿಮ್ಮ ಜಿಲ್ಲೆಯೂ ಸೇರಿ 5 ಜಿಲ್ಲೆಯ 50 ಸಾವಿರದಷ್ಟು ಕುಟುಂಬಗಳಿಗೆ ಕೊಡಿಸಿದ್ರು, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ ಲಕ್ಷದ ಮೇಲೆ ಕೊಡ್ತು. ಹಾಗಾಗಿ ಗಾಡಿ ಹೋಗಿಬಿಡ್ತು ಅಂತ ಕೂರಬೇಡಿ.

ನಿಮ್ಮ ತಾಂಡಾದ ಅಧಿಸೂಚನೆ ಯಾವ ಹಂತದಲ್ಲಿದೆ ಅಂತ ತಹಶೀಲ್ದಾರ್ ಆಫೀಸಲ್ಲಿ ಕೇಳಿ. ಪ್ರಾಥಮಿಕ ಹಂತದಲ್ಲಿದ್ರೆ ಆಕ್ಷೇಪಣೆಗೆ ಅವಕಾಶ ಇರುತ್ತೆ, ಅಂತಿಮ ಆಗಿದ್ರೂ ಬಿಟ್ಟುಹೋದೋರನ್ನ ಸೇರಿಸಿ ಅಂತ ಅರ್ಜಿ ಕೊಡಿ. ಕರೆಂಟ್ ಬಿಲ್ಲು, ರೇಷನ್ ಕಾರ್ಡು, ವೋಟರ್ ಲಿಸ್ಟು, ಪಂಚಾಯ್ತಿ ತೆರಿಗೆ ರಶೀದಿ ಏನಿದ್ಯೋ ಎಲ್ಲ ಲಗತ್ತಿಸಿ, ಅಕ್ಕಪಕ್ಕದ ಮನೆಯೋರ ಹೇಳಿಕೆ ತಗೊಳ್ಳಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ದೇ ಕೌಂಟರ್ ಬಿಡಬೇಡಿ. ಮತ್ತೆ ಪುಣೆಗೆ ಹೋಗೋದಾದ್ರೆ ಮನೇಲಿ ಉಳಿಯೋ ಹಿರಿಯರ ಕೈಯಲ್ಲಿ ಆ ಅರ್ಜಿಯ ನಕಲು ಒಂದು ಇರಲಿ, ಪಂಚನಾಮೆಗೆ ಬಂದಾಗ ತೋರ್ಸೋಕೆ.